ನಾಯಿಗೂ ಪಥ್ಯ
ಸಾಕಿದ ನಾಯಿಗೆ ಹೊಟ್ಟೆ ಕೆಟ್ಟಿತೆಂದರೆ ನಮ್ಮ ಕೈ ಮೊದಲು ಹೋಗುವುದು ಹಾಲಿನ ಪಾತ್ರೆಗೆ. ಮಮತೆಯೇನೋ ದೊಡ್ಡದು, ಆದರೆ ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲಿನೊಳಗಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿರುತ್ತದೆ, ಭೇದಿ ಇಮ್ಮಡಿಸುತ್ತದೆ. ಮಿಕ್ಕ ಹುಳಿಯನ್ನವಂತೂ ಇನ್ನೂ ಕೇಡು: ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನೇ ನಾಶಮಾಡಬಲ್ಲವು. ಮೆತ್ತಗೆ ಬೆಂದ ಬಿಳಿಯನ್ನ, ಚರ್ಮ ಎಲುಬು ತೆಗೆದು ಬರಿಯ ನೀರಿನಲ್ಲಿ ಬೇಯಿಸಿದ ಕೋಳಿಮಾಂಸ, ಇಷ್ಟೇ ಸಾಕು. ಉಪ್ಪು, ಖಾರ, ಒಗ್ಗರಣೆ ಬೇಡ. ನಾಯಿ ಮುನಿದು ನೋಡೀತು, ನೋಡಲಿ. ದಿನಕ್ಕೆ 4 ಬಾರಿ ಸ್ವಲ್ಪಸ್ವಲ್ಪವಾಗಿ ಕೊಡಿ. ನೀರು ಸದಾ ಬಳಿಯಲ್ಲಿರಲಿ. ಗುಣವಾದ ಮೇಲೆ ಹಳೆಯ ಆಹಾರಕ್ಕೆ ಕೆಲವು ದಿನಗಳಲ್ಲಿ ಮೆಲ್ಲನೆ ಮರಳಬೇಕು. ಆದರೆ ಮಲದಲ್ಲಿ ರಕ್ತ, ಮೇಲಿಂದ ಮೇಲೆ ವಾಂತಿ ಕಂಡರೆ, ಅಥವಾ ರೋಗಿ ಇನ್ನೂ ಮರಿಯಾಗಿದ್ದರೆ, ಪಥ್ಯವನ್ನು ನೆಚ್ಚಿ ಕೂಡದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಪಾರ್ವೊ ಎಂಬ ವ್ಯಾಧಿ ಹತ್ತಿದ ಮರಿಗೆ ಉಳಿದಿರುವ ಅವಧಿ ಎರಡು ಮೂರು ದಿನಗಳಷ್ಟೇ ಆಗಿರಬಹುದು.