ಸಾಲ ಕೊಟ್ಟವನಿಗೆ ಮಾನ ತೆಗೆಯುವ ಹಕ್ಕಿಲ್ಲ

ಹಿಂದೆ ಸಾಲ ವಸೂಲಿಗೆ ಬಂದವನು ಬಾಗಿಲ ಮುಂದೆ ನಿಂತು ಕೂಗಾಡುತ್ತಿದ್ದ. ಅವನ ಮುಖವನ್ನು ಊರೇ ನೋಡುತ್ತಿತ್ತು; ನಾಲ್ಕು ಮಂದಿ ಹಿರಿಯರು ಸೇರಿ ಅವನನ್ನು ತಡೆದು ಕೇಳಬಹುದಿತ್ತು. ಇಂದಿನ ವಸೂಲಿಗಾರನಿಗೆ ಮುಖವೇ ಇಲ್ಲ. ಯಲ್ದೂರಿನ ಅಂಗಡಿಯವನ ಜೇಬಿನಲ್ಲಿ, ನರಸಾಪುರದ ಕಾರ್ಖಾನೆಗೆ ಪಾಳಿಗೆ ಹೊರಟ ಹೆಣ್ಣುಮಗಳ ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಎತ್ತಿದರೆ ಬೈಗುಳ, ಎತ್ತದಿದ್ದರೆ ಬೀಗರಿಗೆ, ಜೊತೆ ಕೆಲಸಗಾರರಿಗೆ, ಮಗಳ ಗಂಡನ ಮನೆಗೆ ಕರೆ ಹೋಗುತ್ತದೆ.

ಸಾಲ ತೀರಿಸಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಕಂತು ತಪ್ಪುವುದು ಕಳ್ಳತನದಿಂದಲ್ಲ. 2025ರ ಜೂನಿನಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದು ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದದ್ದನ್ನು ಕಂಡಿದ್ದೇವೆ. ಬೆಳೆಗಾರನ ಕೈಯಲ್ಲಿ ಕಾಸಿಲ್ಲದಿದ್ದರೆ ಅಂಗಡಿಯ ಉದ್ದರಿ ವಸೂಲಾಗದು. ಉದ್ದರಿ ಬಾರದಿದ್ದರೆ ಅಂಗಡಿಯವನ ಕಂತು ನಿಲ್ಲುತ್ತದೆ. ಇದು ಸಿವಿಲ್ ವ್ಯಾಜ್ಯ. "ನಾಳೆ ಪೊಲೀಸರು ಬಂದು ಬೇಡಿ ಹಾಕುತ್ತಾರೆ" ಎಂದು ಫೋನಿನಲ್ಲಿ ಹೆದರಿಸುವುದು ಶುದ್ಧ ಸುಳ್ಳು.

ಅಪರಾಧ ಮಾಡುವವನು ಬೆದರಿಸುವವನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಬೆದರಿಕೆಗೆ 2 ವರ್ಷದವರೆಗೆ ಸಜೆ ಹೇಳುತ್ತದೆ. ಕೊಲ್ಲುವೆನೆಂದೋ, ಹೆಂಗಸಿನ ಶೀಲಕ್ಕೆ ಕಳಂಕ ಹಚ್ಚುವೆನೆಂದೋ ಬೆದರಿಸಿದರೆ 7 ವರ್ಷದವರೆಗೆ. ಹೆಸರು ಮರೆಸಿ ಬೆದರಿಸಿದವನಿಗೆ ಅದರ ಮೇಲೆ ಇನ್ನೂ 2 ವರ್ಷದವರೆಗೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79ನೆಯ ಕಲಮಿನಡಿ 3 ವರ್ಷದವರೆಗೆ.

2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ, ರಾಮನಗರದ ಕಡೆಗಳಿಂದ ಸಾಲಗಾರರು ಊರು ಬಿಟ್ಟ ಸುದ್ದಿ, ಪ್ರಾಣ ಬಿಟ್ಟ ಸುದ್ದಿ ಬಂದ ಮೇಲೆ ರಾಜ್ಯ ಸರ್ಕಾರ ಎಚ್ಚೆತ್ತಿತು. ಕಿರು ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಫೆಬ್ರುವರಿ 12ರಂದು ಹೊರಬಿತ್ತು. ಅದೇ ವರ್ಷ ವಿಧಾನಮಂಡಲ ಅದನ್ನು ಕಾನೂನಾಗಿಸಿತು. 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ಪೊಲೀಸು ಅಧಿಕಾರಿ ಮೊಕದ್ದಮೆ ದಾಖಲಿಸಲು ನಿರಾಕರಿಸಕೂಡದೆಂದೂ ಬರೆದಿದೆ. ಸಾಲವೇ 3 ಲಕ್ಷ ಮೀರದಿರುವಾಗ ದಂಡ 5 ಲಕ್ಷವೇಕೆ ಎಂದು ರಾಜ್ಯಪಾಲರು ಮೊದಲು ಕಡತ ಹಿಂದಿರುಗಿಸಿದ್ದರು. ಉತ್ತರ ಸರಳ: ದಂಡ ಸಾಲಕ್ಕಲ್ಲ, ಮಾನಹರಣಕ್ಕೆ. ಒಬ್ಬ ತಾಯಿಯ ಪ್ರಾಣವನ್ನು ಆಕೆಯ ಸಾಲದ ಮೊತ್ತದಿಂದ ಅಳೆಯಲಾದೀತೇ?

ಆದರೆ ಈ ಕಾನೂನಿಗೊಂದು ದೊಡ್ಡ ಬಾಗಿಲಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕುಗಳನ್ನೂ ಹಣಕಾಸು ಕಂಪನಿಗಳನ್ನೂ ಅದು ಹೊರಗಿಟ್ಟಿದೆ. ಅವುಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಹಾಕಿತು: ಕಿರು ಸಾಲದವರಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡಕೂಡದು, ಮೇಲಿಂದ ಮೇಲೆ ಕರೆ ಮಾಡಿ ಪೀಡಿಸಕೂಡದು, ನಂಟರನ್ನು, ಜೊತೆಗಾರರನ್ನು ಕಾಡಕೂಡದು. ನಿಯಮ ಒಳ್ಳೆಯದೇ. ಆದರೆ ಊರಿನ ಲೇವಾದೇವಿಗಾರನಿಗೆ 10 ವರ್ಷದ ಸೆರೆಮನೆ, ಪಟ್ಟಣದ ಕಂಪನಿಗೆ ನಿಯಮದ ಪುಸ್ತಕ! ಸಣ್ಣ ಮೀನಿಗೆ ಬಲೆ, ತಿಮಿಂಗಿಲಕ್ಕೆ ಬುದ್ಧಿವಾದ. ಇದು ಯಾವ ಸೀಮೆಯ ನ್ಯಾಯ?

ಉಳಿದದ್ದು ಸಂಹಿತೆ, ಅದು ಕಂಪನಿಯ ನೌಕರನನ್ನೂ ಬಿಡುವುದಿಲ್ಲ. ಆದರೆ ಸಾಮಾನ್ಯ ಬೆದರಿಕೆಯ ದೂರಿನ ಮೇಲೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಒಂದು ದಿನದ ಕೂಲಿ ಬಿಟ್ಟು ಠಾಣೆಗೆ ಹೋದವನು ಮತ್ತೆ ಕೋರ್ಟಿಗೆ ಅಲೆಯುವನೇ? ಅಲ್ಲಿಗೆ ಕಾನೂನು ಪುಸ್ತಕದ ಬದನೆಕಾಯಿ.

ಆದ್ದರಿಂದ ನಮ್ಮ ಬೇಡಿಕೆ ಎರಡು. ಸಾಲ ಕೊಟ್ಟವನು ಯಾರೇ ಆಗಲಿ, ಫೋನಿನಲ್ಲಿ ಪೀಡಿಸಿದರೆ ಒಂದೇ ಶಿಕ್ಷೆಯಾಗಬೇಕು. ವಸೂಲಿಯ ಬೆದರಿಕೆಯ ದೂರನ್ನು ಠಾಣೆಯಲ್ಲೇ ದಾಖಲಿಸಿ ತನಿಖೆ ಆರಂಭಿಸುವ ಅಧಿಕಾರವನ್ನು ಪೊಲೀಸರಿಗೆ ಕೊಡಬೇಕು, ಹೊಣೆಯನ್ನೂ ಹೊರಿಸಬೇಕು.

ಅಲ್ಲಿಯವರೆಗೆ, ಬಂಧುಗಳೇ, ನಾಚಿಕೊಂಡು ಕತ್ತಲಲ್ಲಿ ಕೂರಬೇಡಿ. ಕರೆ ಬಂದ ದಿನ, ಗಂಟೆ, ನಂಬರು, ಆಡಿದ ಮಾತು ಬರೆದಿಡಿ; ಬಂದ ಸಂದೇಶ ಅಳಿಸಬೇಡಿ. ಸಾಲದ ಆ್ಯಪಿನವರು ನಿಮ್ಮ ಚಿತ್ರ ಕೆಡಿಸಿ ಹಂಚುವೆನೆಂದರೆ 1930ಕ್ಕೆ ತಿಳಿಸಿ. ಕಂಪನಿಯ ಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಠಾಣೆಗೆ ಒಬ್ಬರೇ ಹೋಗಬೇಡಿ; ಬೀದಿಯ ಹತ್ತು ಮಂದಿ ಜೊತೆಗೂಡಿ ಹೋಗಿ, ದೂರಿಗೆ ರಸೀತಿ ಕೇಳಿ ಪಡೆಯಿರಿ. ಮುಖವಿಲ್ಲದ ದನಿ ಒಂಟಿಯಾಗಿ ಸಿಕ್ಕವರನ್ನೇ ಹೆದರಿಸುತ್ತದೆ. ಹತ್ತು ಮಂದಿಯ ಎದುರು ಅದರ ಆಟ ನಡೆಯದು.