ಎಐ ಬರಲಿ, ಅದರ ಜೊತೆ ಇನ್ನೊಂದು ವರದಿ ಬೇಡ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಆಯುಕ್ತರಿಗೆ,



ಕೋಲಾರ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು, ಏಳನೇ ತರಗತಿಗೆ ಗಣಿತ ಮತ್ತು ಕನ್ನಡ ಕಲಿಸುತ್ತೇನೆ. ಶಿಕ್ಷಕರು ಕೃತಕ ಬುದ್ಧಿಮತ್ತೆ (ಎಐ) ಬಳಸಬೇಕೇ ಬೇಡವೇ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು, ಯಾರ ಸುತ್ತೋಲೆಗೂ ಕಾಯದೆ ನಮ್ಮ ಮೊಬೈಲುಗಳಿಗೂ ಇಳಿಯಿತು. ಇನ್ನು ಮುಂದೆ ತಾವು ಸುತ್ತೋಲೆ ಹೊರಡಿಸುವುದಾದರೆ, ಅದಕ್ಕೆ ಮುಂಚೆ ಈ ಪತ್ರ ಓದಬೇಕೆಂದು ಕೋರಿಕೆ.

ನನಗೆ ಎಐ ನಿಜಕ್ಕೂ ಉಪಯೋಗಕ್ಕೆ ಬಂದಿದೆ. ಏಳನೇ ತರಗತಿಗೆ ಶೇಕಡಾ ಲೆಕ್ಕ ಹೇಳುವಾಗ ಒಂದೇ ಕೋಣೆಯಲ್ಲಿ ಬಾಯಿಲೆಕ್ಕದಲ್ಲೇ ಉತ್ತರ ಹೇಳುವ ಹುಡುಗಿಯೂ ಇರುತ್ತಾಳೆ, ಭಾಗಾಕಾರದಲ್ಲೇ ತಡವರಿಸುವ ಹುಡುಗನೂ ಇರುತ್ತಾನೆ. ಒಂದೇ ಲೆಕ್ಕವನ್ನು ಇಬ್ಬರ ಮಟ್ಟಕ್ಕೂ ಹೊಂದಿಸಿ ಬರೆಯಲು ಮೊದಲು ರಾತ್ರಿ ಕೂರಬೇಕಿತ್ತು. ಈಗ ಎಐ ಕರಡು ಕೊಡುತ್ತದೆ, ನಾನು ತಿದ್ದುತ್ತೇನೆ. ನಮ್ಮ ಕಡೆ ಬಹಳ ಮಕ್ಕಳ ಮನೆಮಾತು ತೆಲುಗು. ನನ್ನ ತೆಲುಗು ಬಸ್ಸಿನಲ್ಲಿ ಮಾತಾಡುವಷ್ಟು ಮಾತ್ರ. 'ಅನುಪಾತ' ಎಂದರೇನು ಎಂದು ತೆಲುಗಿನಲ್ಲೇ, ಆದರೆ ಕನ್ನಡ ಲಿಪಿಯಲ್ಲಿ ನಾಲ್ಕು ಸಾಲು ಬರೆದುಕೊಡು ಎಂದರೆ ಬರೆದುಕೊಡುತ್ತದೆ. ಅದನ್ನು ನಾನು ಓದಿ ಹೇಳಿದಾಗ ಹಿಂದಿನ ಬೆಂಚಿನವರು ನಗುತ್ತಾರೆ, ಉಚ್ಚಾರಣೆ ತಿದ್ದುತ್ತಾರೆ. ಅಷ್ಟರಲ್ಲಿ ಅನುಪಾತವೂ ಅರ್ಥವಾಗಿರುತ್ತದೆ.

ಇನ್ನು ಅದರ ತಪ್ಪುಗಳ ವಿಷಯ. ಲೆಕ್ಕ ಕೇಳಿದರೆ ಯಾವಾಗಲೂ ಸೇಬು, ಕೇಕು. ಟೊಮೆಟೊ ಮಂಡಿಯ ಲೆಕ್ಕ ಕೊಡು ಎಂದಾಗ ಒಂದು ಬಾಕ್ಸಿಗೆ 25 ಕೆಜಿ ಎಂದು ಬರೆಯಿತು. ಬೇಕೆಂದೇ ತಿದ್ದದೆ ಬೋರ್ಡಿನ ಮೇಲೆ ಹಾಗೇ ಬರೆದೆ. "ಮಿಸ್, ಬಾಕ್ಸ್‌ಗೆ ಹದಿನೈದೇ ಕೆಜಿ" ಎಂದು ಮಕ್ಕಳು ಎದ್ದು ನಿಂತರು. ಕೋಲಾರದ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೆಜಿ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ, ಶೇಕಡಾ ಎಷ್ಟು ವ್ಯತ್ಯಾಸ ಎಂದು ಆ ತಾಸು ಪೂರ್ತಿ ಅದರಲ್ಲೇ ಹೋಯಿತು. ಪಠ್ಯಪುಸ್ತಕವನ್ನು ಎದುರಿಸಿ ಮಾತಾಡದ ಮಕ್ಕಳು ಯಂತ್ರದ ಮಾತನ್ನು ಧೈರ್ಯವಾಗಿ ಅಲ್ಲಗಳೆದರು.

ಕನ್ನಡದ ತರಗತಿಯಲ್ಲಿ ಆಟ ಇಷ್ಟು ಸುಲಭವಲ್ಲ. ಬಸವಣ್ಣನವರ ಒಂದು ವಚನ ಕೊಡು ಎಂದರೆ ಕೊನೆಗೆ ಕೂಡಲಸಂಗಮದೇವ ಎಂಬ ಅಂಕಿತವನ್ನೂ ಸೇರಿಸಿ ಎಷ್ಟೋ ಸಲ ತಾನೇ ಹೊಸೆದದ್ದನ್ನು ಮುಂದಿಡುತ್ತದೆ. ಕೇಳಲು ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ. ವಚನ ಸಂಚಯ ಜಾಲತಾಣದಲ್ಲಿ ಹುಡುಕಿದರೆ ಅಂಥ ವಚನವೇ ಇರುವುದಿಲ್ಲ. ಈ ಯಂತ್ರ ಮೂಲತಃ ಪುಸ್ತಕ ತೆರೆದು ನೋಡಿ ಉತ್ತರಿಸುವುದಲ್ಲ, ಯಾವ ಪದದ ನಂತರ ಯಾವ ಪದ ಬರಬಹುದೆಂದು ಅಂದಾಜಿಸಿ ಹೆಣೆಯುವುದು. ಅದು ಕಲಿತದ್ದು ಬಹುಪಾಲು ಇಂಗ್ಲಿಷ್ ಬರಹದಿಂದ. ಕನ್ನಡದ ಪಾಲು ತೀರ ಕಡಿಮೆ, ಹಾಗಾಗಿ ಕನ್ನಡದಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಹೆಚ್ಚು. ಶಿಕ್ಷಕರಿಗೆ ತರಬೇತಿ ಕೊಡುವುದಾದರೆ ಇಂಥ ತಪ್ಪು ಹಿಡಿಯುವುದನ್ನು ಕಲಿಸಬೇಕು. ಯಾವ ಗುಂಡಿ ಒತ್ತಬೇಕೆಂಬುದನ್ನು ನಮ್ಮ ಮಕ್ಕಳೇ ನಮಗೆ ತೋರಿಸುತ್ತಾರೆ.

ಮಕ್ಕಳ ಕೈಗೇ ಇದನ್ನು ಕೊಡುವ ಉತ್ಸಾಹ ಮಾತ್ರ ಸದ್ಯಕ್ಕೆ ಬೇಡ. ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ 13 ವರ್ಷವಾದರೂ ಆಗಿರಬೇಕೆಂದು ಯುನೆಸ್ಕೊ 2023ರ ಮಾರ್ಗದರ್ಶಿಯಲ್ಲಿ ಸೂಚಿಸಿದೆ. ನನ್ನ ತರಗತಿಯ ಹೆಚ್ಚಿನವರಿಗೆ ಇನ್ನೂ ಹನ್ನೆರಡು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಮಗುವಿನ ಹೆಸರು, ಅಂಕ, ಫೋಟೊ ಯಾವ ಎಐ ಆ್ಯಪಿಗೂ ಹೋಗಕೂಡದೆಂದು ತಾವು ಒಂದೇ ಸಾಲಿನಲ್ಲಿ, ಕನ್ನಡದಲ್ಲಿ ಆದೇಶಿಸಿದರೆ ಸಾಕು.

ಈಗ ಮುಖ್ಯ ವಿಷಯ. ನಾನು ಕಂಡಂತೆ ಶಿಕ್ಷಕರು ಎಐಯನ್ನು ಹೆಚ್ಚು ಬಳಸುತ್ತಿರುವುದು ಪಾಠಕ್ಕಲ್ಲ, ಕಡತಕ್ಕೆ. ಪಾಠ ಯೋಜನೆ, ಕ್ರಿಯಾ ಯೋಜನೆ, ದಿನಾಚರಣೆಯ ವರದಿ ಎಲ್ಲವನ್ನೂ ಯಂತ್ರ ಚಂದವಾಗಿ ತುಂಬಿಕೊಡುತ್ತದೆ. ನೋಡುವವರು ಪುಟ ತಿರುವಿ ಸಹಿ ಹಾಕುತ್ತಾರೆ. ಬರೆಯುವುದು ಯಂತ್ರ, ಓದುವವರು ಯಾರೂ ಇಲ್ಲ. ಇದನ್ನು ಶಿಕ್ಷಕರ ಸೋಮಾರಿತನ ಎನ್ನುವವರಿದ್ದಾರೆ. ಯಂತ್ರ ತುಂಬಿದರೂ ವ್ಯತ್ಯಾಸವಾಗದ ಕಡತ ಮೊದಲಿನಿಂದಲೂ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಜರಾತಿ, ಬಿಸಿಯೂಟ, ಸ್ಯಾಟ್ಸ್ (ವಿದ್ಯಾರ್ಥಿ ಮಾಹಿತಿ ತಂತ್ರಾಂಶ) ನಮೂದುಗಳ ನಡುವೆ ಉಳಿದ ಸಮಯ ಮಕ್ಕಳದು. ಎಐ ಉಳಿಸಿಕೊಟ್ಟ ಅರ್ಧ ಗಂಟೆಯನ್ನು 'ಎಐ ಬಳಕೆಯ ಮಾಸಿಕ ವರದಿ' ನುಂಗಿಹಾಕಿದರೆ ಬಂದ ಲಾಭವೇನು?

ಆದ್ದರಿಂದ ಮುಂದಿನ ಶಾಲಾ ಪ್ರಾರಂಭೋತ್ಸವಕ್ಕೆ ಮುಂಚೆ, ಶಿಕ್ಷಕರು ಬರೆಯಲೇಬೇಕಾದ ದಾಖಲೆಗಳ ಪಟ್ಟಿ ತರಿಸಿಕೊಂಡು ಬೇಡದ್ದನ್ನು ಹೊಡೆದುಹಾಕಿ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಾವು ತಿದ್ದಿದ ಲೆಕ್ಕಗಳನ್ನೂ ಹಿಡಿದ ತಪ್ಪುಗಳನ್ನೂ ಹಂಚಿಕೊಳ್ಳಲು ಒಂದು ತಾಸು ಬಿಡಿ. ಆ ಸಭೆಗೆ ನಡಾವಳಿ ಕೇಳಬೇಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಹಶಿಕ್ಷಕಿ, ಕೋಲಾರ ಜಿಲ್ಲೆ