ನಿಗದಿ ಶುಲ್ಕವೋ, ಬಳಕೆಯ ಶುಲ್ಕವೋ?

ತಿಂಗಳಿಗೊಮ್ಮೆ ಮೀಟರು ನೋಡಿ ಕೈಗಿಡುವ ವಿದ್ಯುತ್ ಬಿಲ್ಲಿನ ಚೀಟಿಯಲ್ಲಿ ಕೊನೆಯ ಸಾಲನ್ನಷ್ಟೇ ಓದಿ ಮಡಚಿಡುವುದು ನಮ್ಮ ಮಹಾಜನರಲ್ಲಿ ರೂಢಿಯಾಗಿದೆ. ಆ ಚೀಟಿಯೊಳಗೆ ಎರಡು ಬೇರೆ ಬೇರೆ ಬಾಬುಗಳಿರುತ್ತವೆ. ದೀಪ ಹಚ್ಚಿದರೂ ಹಚ್ಚದಿದ್ದರೂ ತೆರಬೇಕಾದ ನಿಗದಿ ಶುಲ್ಕವು ಒಂದು. ಉರಿಸಿದ ಯೂನಿಟ್ಟಿಗೆ ತಕ್ಕಂತೆ ಏರಿಳಿಯುವ ಬಳಕೆಯ ಶುಲ್ಕವು ಇನ್ನೊಂದು. ಇವೆರಡರಲ್ಲಿ ಯಾವುದು ಎಷ್ಟಿರಬೇಕೆಂಬುದು ಕಾರಕೂನರ ಲೆಕ್ಕಾಚಾರವೆಂದು ಬಿಟ್ಟುಬಿಡತಕ್ಕ ವಿಷಯವಲ್ಲ. ಮಿತವ್ಯಯ ಮಾಡಿದವನಿಗೆ ಅದರ ಫಲ ದೊರೆಯಬೇಕೋ ಬೇಡವೋ ಎಂಬ ನ್ಯಾಯದ ಪ್ರಶ್ನೆಯೇ ಇದರಲ್ಲಿ ಅಡಗಿದೆ.

ನಿಗದಿಯ ತೆರಿಗೆ, ಹುಟ್ಟುವಳಿಯ ಪಾಲು ಎಂಬ ಭೇದವು ನಮ್ಮ ಕರಾವಳಿಗೆ ಹೊಸತಲ್ಲ. ಮೂಲಗೇಣಿಯ ಒಕ್ಕಲು ಬೆಳೆ ಬಂದರೂ ಬಾರದಿದ್ದರೂ ಗೊತ್ತಾದ ಗೇಣಿಯನ್ನು ಅಳೆಯುತ್ತಿದ್ದನು. ಆದರೆ ಆ ಗೇಣಿಯು ಒಮ್ಮೆ ನಿಂತ ಮೇಲೆ ಏರುತ್ತಿರಲಿಲ್ಲವೆಂಬುದೇ ಅವನಿಗಿದ್ದ ಸಮಾಧಾನ. 1974ರ ಭೂಸುಧಾರಣೆಯೊಂದಿಗೆ ಕೃಷಿಭೂಮಿಯ ಗೇಣಿಪದ್ಧತಿಯು ಅಳಿಯಿತು. ಇಂದಿನ ವಿದ್ಯುತ್ತಿನ ನಿಗದಿ ಶುಲ್ಕವಾದರೋ ಹೆಸರಿಗೆ ಮಾತ್ರ ನಿಗದಿಯಾಗಿದ್ದು, ವರ್ಷವರ್ಷವೂ ಏರುತ್ತಲಿದೆ. ಮಂಜೂರಾದ ಕಿಲೋವ್ಯಾಟ್ ಒಂದಕ್ಕೆ ತಿಂಗಳಿಗೆ 2023-24ರಲ್ಲಿ 110 ರೂಪಾಯಿ ಇದ್ದುದು 2024-25ರಲ್ಲಿ 120ಕ್ಕೂ, 2025-26ರಲ್ಲಿ 145ಕ್ಕೂ ಮುಟ್ಟಿತು. ಇದೇ 2025ರ ಮಾರ್ಚಿಯ ಆಜ್ಞೆಯಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಯೂನಿಟ್ಟಿನ ದರವನ್ನು 5.90ರಿಂದ 5.80 ರೂಪಾಯಿಗೆ ಇಳಿಸಿತು. ದರ ಇಳಿಯಿತೆಂಬ ವಾರ್ತೆ ಎಲ್ಲೆಡೆ ಹಬ್ಬಿತು. ಇಳಿದದ್ದು ಹತ್ತು ಪೈಸೆ, ಏರಿದ್ದು ಇಪ್ಪತ್ತೈದು ರೂಪಾಯಿ.

ಮೂರು ಕಿಲೋವ್ಯಾಟಿನ ಮಂಜೂರಾತಿಯಿರುವ ಎರಡು ಮನೆಗಳನ್ನು ತೆಗೆದುಕೊಳ್ಳೋಣ. ತೆರಿಗೆಯನ್ನು ಬದಿಗಿರಿಸಿದರೆ, 60 ಯೂನಿಟ್ ಉರಿಸುವ ಮನೆಯ ಲೆಕ್ಕವು 714 ರೂಪಾಯಿಯಿಂದ 783ಕ್ಕೆ ಏರಿತು. 400 ಯೂನಿಟ್ ಉರಿಸುವ ಮನೆಯದು 2,720ರಿಂದ 2,755ಕ್ಕೆ. ಮಿತವಾಗಿ ಉರಿಸಿದವನಿಗೆ 69 ರೂಪಾಯಿ ಹೆಚ್ಚಾದರೆ, ಧಾರಾಳವಾಗಿ ಉರಿಸಿದವನಿಗೆ 35 ಮಾತ್ರ. ಇದರ ಮೇಲೆ ಆ ವರ್ಷದಿಂದ ನಿವೃತ್ತಿವೇತನ ಮತ್ತು ಗ್ರಾಚ್ಯುಯಿಟಿಯ ಬಾಬು ಯೂನಿಟ್ಟಿಗೆ 36 ಪೈಸೆಯ ಸರ್ಚಾರ್ಜನ್ನೂ ಹೇರಲಾಯಿತು. ಅದನ್ನು ಕೂಡಿಸಿದರೆ ಹತ್ತು ಪೈಸೆಯ ಇಳಿಕೆಯು ಯಾರಿಗೂ ಉಳಿಯುವುದಿಲ್ಲ; ಆಗಲೂ ಸಣ್ಣ ಮನೆಯ ಹೊರೆ ಶೇಕಡಾ ಸುಮಾರು 13ರಷ್ಟೂ ದೊಡ್ಡ ಮನೆಯದು ಸುಮಾರು 7ರಷ್ಟೂ ಹೆಚ್ಚಿತೆಂಬುದು ಗಮನಾರ್ಹ.

ಹಾಗೆಂದು ನಿಗದಿ ಶುಲ್ಕವೇ ಅನ್ಯಾಯವೆಂದು ನಾವು ಹೇಳುವುದಿಲ್ಲ. ವಿದ್ಯುದಾಗಾರವನ್ನು ಸದಾ ಸಿದ್ಧವಾಗಿಡುವ ಖರ್ಚು ಬೇರೆ, ಅದರಲ್ಲಿ ಉರಿಯುವ ಕಲ್ಲಿದ್ದಲಿನ ಖರ್ಚು ಬೇರೆ ಎಂದು 1892ರಷ್ಟು ಹಿಂದೆಯೇ ಇಂಗ್ಲೆಂಡಿನ ಜಾನ್ ಹಾಪ್‌ಕಿನ್‌ಸನ್ ಎಂಬ ಶಾಸ್ತ್ರಜ್ಞನು ಪ್ರತಿಪಾದಿಸಿದನು. 2003ರ ವಿದ್ಯುಚ್ಛಕ್ತಿ ಕಾನೂನಿನ 45ನೆಯ ವಿಧಿಯೂ ನಿಗದಿ ಶುಲ್ಕಕ್ಕೆ ಆಸ್ಪದ ಕೊಟ್ಟಿದೆ. ಇದರ ಮರ್ಮವನ್ನರಿಯಲು ಉಡುಪಿ ಜಿಲ್ಲೆಯ ಗಡಿಯನ್ನು ದಾಟಬೇಕಾಗಿಲ್ಲ. ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರವು 460 ಮೆಗಾವ್ಯಾಟಿನದು. ಅಲ್ಲಿ ಇಂಧನಕ್ಕೆ ಬೆಲೆ ತೆರಬೇಕಾಗಿಲ್ಲ, ಖರ್ಚೆಲ್ಲವೂ ಅಣೆಕಟ್ಟು, ಸುರಂಗ, ಯಂತ್ರಗಳಿಗೆ ಹೂಡಿದ ಬಂಡವಾಳದ್ದು. ಶಿರ್ವಕ್ಕೆ ಅನತಿದೂರದ ಎಲ್ಲೂರಿನ ಸ್ಥಾವರವು 1,200 ಮೆಗಾವ್ಯಾಟಿನದು. ಅದು ಹಡಗಿನಲ್ಲಿ ಬರುವ ಪರದೇಶದ ಕಲ್ಲಿದ್ದಲನ್ನು ನಂಬಿದೆ. ಅಲ್ಲಿ ಸ್ಥಾವರದ ಸಿದ್ಧತೆಗೊಂದು ಶುಲ್ಕ, ತೆಗೆದುಕೊಂಡ ವಿದ್ಯುತ್ತಿಗೊಂದು ಶುಲ್ಕ. ಮಂಗಳೂರು ವಿದ್ಯುತ್ ಸರಬರಾಜು ಕಂಪೆನಿಯು ಬಳಕೆದಾರರಿಂದ ಎರಡು ಬಾಬುಗಳಲ್ಲಿ ಹಣ ಕೇಳುವುದಕ್ಕೆ ತಾನೂ ಎರಡು ಬಾಬುಗಳಲ್ಲಿ ಹಣ ತೆರುವುದೇ ಮುಖ್ಯ ಕಾರಣವಾಗಿದೆ.

ಶಿರ್ವದ ಆಸುಪಾಸಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಮುಂಬಯಿಗೂ ಗಲ್ಫ್ ದೇಶಗಳಿಗೂ ಹೋದವರ ಮನೆಗಳು ವರ್ಷದ ಬಹುಭಾಗ ಬೀಗ ಹಾಕಿಕೊಂಡಿರುತ್ತವೆ. ಬೇಸಗೆಯ ರಜೆಯಲ್ಲಿ ಒಡೆಯರು ಬಂದಾಗ ಗೀಸರು, ಹವಾನಿಯಂತ್ರಕ, ಪಂಪುಗಳೆಲ್ಲ ಏಕಕಾಲದಲ್ಲಿ ನಡೆಯಬೇಕು. ಆ ಒಂದು ತಿಂಗಳಿಗಾಗಿ ತಂತಿಯನ್ನೂ ಟ್ರಾನ್ಸ್‌ಫಾರ್ಮರನ್ನೂ ಹನ್ನೆರಡು ತಿಂಗಳು ಸಿದ್ಧವಾಗಿಡಬೇಕಷ್ಟೆ. ಇಂತಹ ಮನೆಯು ನಿಗದಿ ಶುಲ್ಕ ತೆರುವುದು ನ್ಯಾಯವೇ. ಆದರೆ ಮಕ್ಕಳು ದೂರವಿದ್ದು, ಅದೇ ಬಗೆಯ ದೊಡ್ಡ ಮನೆಯಲ್ಲಿ ಎರಡು ದೀಪ, ಒಂದು ಪಂಖದಲ್ಲಿ ದಿನ ಕಳೆಯುವ ವೃದ್ಧ ತಾಯಿಯು, ಎಂದೋ ಬರೆಸಿದ ಮೂರು ಕಿಲೋವ್ಯಾಟಿಗೆ 2025-26ರ ದರದಂತೆ ತಿಂಗಳು ತಿಂಗಳೂ 435 ರೂಪಾಯಿ ತೆರಬೇಕಾಯಿತೆಂದರೆ ಅದನ್ನು ನ್ಯಾಯವೆನ್ನಲು ಮನಸ್ಸು ಒಪ್ಪದು.

ಗೃಹಜ್ಯೋತಿಯು ಇರುವಾಗ ಈ ಚರ್ಚೆ ಏತಕ್ಕೆಂದು ಕೆಲವರು ಕೇಳಬಹುದು. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನೋಂದಾಯಿಸಿದ ಮನೆಯು ತನ್ನ ಮಿತಿಯೊಳಗೆ ನಿಂತರೆ ನಿಗದಿ ಶುಲ್ಕವನ್ನೂ ಸರಕಾರವೇ ಭರಿಸುತ್ತದೆ. ತತ್ಪರಿಣಾಮವಾಗಿ ಏರಿಕೆಯು ಬಹುಮಂದಿಯ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಬೊಕ್ಕಸವು ತೆರುವ ಹಣವೂ ಪ್ರಜೆಗಳದ್ದೇ ಅಲ್ಲವೇ? ಅಲ್ಲದೆ ಒಬ್ಬರಿಗೆ ಒಂದೇ ಮೀಟರಿಗೆ ಈ ಸೌಲಭ್ಯ. ಬಳಕೆಯು 200 ಯೂನಿಟ್ಟನ್ನು ಮೀರಿತೆಂದರೆ ಇಡೀ ಬಿಲ್ಲು ಮನೆಯವನದೇ. ಸೆಕೆಯ ತಿಂಗಳಲ್ಲಿ 201 ಯೂನಿಟ್ ಉರಿಸಿದ ಮೂರು ಕಿಲೋವ್ಯಾಟಿನ ಮನೆಯು, ತೆರಿಗೆಯನ್ನು ಬಿಟ್ಟೂ, 2025-26ರ ದರದಂತೆ 1,673 ರೂಪಾಯಿ ತೆರಬೇಕಾಗುತ್ತಿತ್ತು. ಅದರಲ್ಲಿ ನಾಲ್ಕನೆಯ ಒಂದಂಶಕ್ಕೂ ಮಿಕ್ಕಿ ನಿಗದಿ ಶುಲ್ಕವೇ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಇದು ಬೇಕು, ಅದು ಬೇಡವೆಂದು ಶುಲ್ಕವನ್ನಾರಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಮಂಜೂರಾತಿಯ ಪ್ರಮಾಣವನ್ನು ಆರಿಸುವ ಸ್ವಾತಂತ್ರ್ಯವಂತೂ ಇದೆ. ಮೂರು ಕಿಲೋವ್ಯಾಟನ್ನು ಒಂದಕ್ಕೆ ಇಳಿಸಿಕೊಂಡ ಮನೆಗೆ ಮೇಲಿನ ದರದಲ್ಲಿ ವರ್ಷಕ್ಕೆ 3,480 ರೂಪಾಯಿ ಉಳಿಯುತ್ತದೆ. ಗೀಸರು, ಪಂಪುಗಳನ್ನು ಒಟ್ಟಿಗೆ ನಡೆಸುವವನು ಮಾತ್ರ ಈ ದಾರಿಗೆ ಹೋಗದಿರುವುದು ಲೇಸು. ಮಂಜೂರಾತಿಯನ್ನು ಮೀರಿ ಎಳೆಯುವುದು ನಿಯಮಬಾಹಿರ.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಂಜೂರಾತಿಯನ್ನು ಇಳಿಸಿಕೊಳ್ಳಬಹುದೆಂಬ ಸಂಗತಿಯನ್ನು ಬಿಲ್ಲಿನ ಮೇಲೆಯೇ ತಿಳಿಗನ್ನಡದಲ್ಲಿ ಅಚ್ಚುಹಾಕಿಸಲಿ. ಅರ್ಜಿ ಕೊಟ್ಟ ಮುದುಕರನ್ನು ಕಚೇರಿಯಿಂದ ಕಚೇರಿಗೆ ಅಲೆದಾಡಿಸದಿರಲಿ. ಆಯೋಗವು ಮೊದಲ ಕಿಲೋವ್ಯಾಟಿಗೆ ಹಗುರವಾದ ದರವನ್ನೂ ಅದಕ್ಕೆ ಮೇಲ್ಪಟ್ಟುದಕ್ಕೆ ಏರುವ ದರವನ್ನೂ ಗೊತ್ತುಪಡಿಸುವುದು ಯುಕ್ತವೆಂದು ನಮ್ಮ ಅಭಿಮತ. ದರ ಪರಿಷ್ಕರಣೆಗೆ ಮುನ್ನ ಆಯೋಗವು ಬಹಿರಂಗ ವಿಚಾರಣೆ ನಡೆಸುತ್ತದೆ. ಆಕ್ಷೇಪಣೆ ಬರೆದುಕೊಡುವ ಹಕ್ಕು ಪ್ರತಿಯೊಬ್ಬ ಬಳಕೆದಾರನಿಗೂ ಇದೆ. ಶಿರ್ವ, ಕಾಪು, ಕಾರ್ಕಳದ ವಿದ್ಯಾವಂತರು ಮುಂದಿನ ವಿಚಾರಣೆಗೆ ತಮ್ಮ ಮನೆಯ ಹನ್ನೆರಡು ತಿಂಗಳ ಚೀಟಿಗಳನ್ನೂ, ಅಕ್ಷರ ಬಾರದ ನೆರೆಯವರ ಚೀಟಿಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕೆಂದು ನಾವು ಆಶಿಸುತ್ತೇವೆ.